ನಿಮಗಿದು ಗೊತ್ತೇ? ಮುಖದ ಫೋಟೊ: ಎಲ್ಲಿ ಮೊನಚು, ಎಲ್ಲಿ ಮೆದು

ಮುಖವನ್ನು ಇದ್ದ ಹಾಗೆಯೇ ತೋರಿಸಬೇಕೇ, ಭಾವ ಮೂಡಿದರೆ ಸಾಕೇ? ಫೋಟೊಗ್ರಫಿ ಹುಟ್ಟುವುದಕ್ಕೆ ಏಳುನೂರು ವರ್ಷ ಮೊದಲೇ ಈ ವಿಚಾರ ಅಂದಿನ ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ, ಗ್ರಂಥಕ್ಕೇರಿತ್ತು. 1126ರಿಂದ 1138ರವರೆಗೆ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಐದು ವಿಂಶತಿಗಳು, ಒಟ್ಟು ನೂರು ಅಧ್ಯಾಯಗಳಿವೆ. ಅಡುಗೆ, ಆನೆ, ಸಂಗೀತ, ಬೇಟೆಗಳ ಜೊತೆಗೆ ಚಿತ್ರಕಲೆಯೂ ಅದರಲ್ಲಿದೆ. ಕನ್ನಡಿಯಲ್ಲಿ ಕಂಡಷ್ಟೇ ನಿಖರವಾಗಿ ಬರೆದದ್ದು ವಿದ್ಧಚಿತ್ರ. ಮನಸ್ಸಿಗೆ ತೋಚಿದ ಆಕಾರವನ್ನು ಬರೆದದ್ದು ಅವಿದ್ಧಚಿತ್ರ. ನೋಡಿದೊಡನೆ ಶೃಂಗಾರದಂಥ ರಸ ಮನಸ್ಸಿಗೆ ತಟ್ಟುವಂಥದ್ದು ಭಾವಚಿತ್ರ. ಬಣ್ಣ ಹಾಕುವ ಬಗೆಯ ಮೇಲೆ ರಸಚಿತ್ರ, ಧೂಳಿಚಿತ್ರ ಎಂದು ಇನ್ನೆರಡು. ಮೊದಲ ಮೂರರಲ್ಲಿ ಒಂದು ಮೇಲು, ಇನ್ನೊಂದು ಕೀಳು ಎನ್ನದೆ, ಮೂರಕ್ಕೂ ಬೇರೆ ಬೇರೆ ಜಾಗ ಕೊಟ್ಟದ್ದು ಈ ವಿಂಗಡಣೆಯ ದೊಡ್ಡತನ.

ಅದೇ ಗ್ರಂಥ ಕುಂಚದ ಬಗ್ಗೆಯೂ ಹೇಳುತ್ತದೆ. ಕರುವಿನ ಕಿವಿಯ ಕೂದಲನ್ನು ಅರಗಿನಿಂದ ಕೂಡಿಸಿ ಮಾಡಿಕೊಳ್ಳಬೇಕು. ಮುಖವನ್ನು ನೇರ ಎದುರಿನಿಂದ ಹಿಡಿದು ಪೂರ್ತಿ ಪಕ್ಕಕ್ಕೆ ತಿರುಗುವವರೆಗೆ ಐದು ನಿಲುವುಗಳಲ್ಲಿ ಬರೆಯುವುದನ್ನು ಕಲಿಯಬೇಕು. ಇಂದಿನ ಸ್ಟುಡಿಯೊದಲ್ಲಿ ‘ಸ್ವಲ್ಪ ಈ ಕಡೆ ತಿರುಗ್ರಿ’ ಎನ್ನುವಾಗ ನಡೆಯುವುದೂ ಈ ಐದರೊಳಗಿನ ಆಯ್ಕೆಯೇ.

ಮನೆಮನೆಯಲ್ಲಿ ತೂಗುಹಾಕಿರುವ ಬಸವಣ್ಣನವರ ಚಿತ್ರ ಸೋಮೇಶ್ವರ ಹೇಳಿದ ಎರಡನೆಯ ಬಗೆಗೆ ಸೇರುತ್ತದೆ. ಕಲಾವಿದರು ಮನಸ್ಸಿನಲ್ಲಿ ಕಂಡು ಬರೆದ ಮುಖ ಅದು.

ಫೋಟೊಗ್ರಫಿ ಜಗತ್ತಿಗೆ ಬಂದದ್ದೇ ಇಬ್ಭಾಗವಾಗಿ. 1839ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಕಟವಾದ ಡಾಗೇರೊಟೈಪ್, ಬೆಳ್ಳಿ ಬಳಿದ ತಾಮ್ರದ ತಗಡಿನ ಮೇಲೆ ರೆಪ್ಪೆಯ ಕೂದಲನ್ನೂ ಎಣಿಸುವಷ್ಟು ಸೂಕ್ಷ್ಮವಾಗಿ ಚಿತ್ರ ಮೂಡಿಸುತ್ತಿತ್ತು. 1841ರಲ್ಲಿ ಇಂಗ್ಲೆಂಡಿನ ಟಾಲ್ಬಟ್ ಪೇಟೆಂಟ್ ಪಡೆದ ಕ್ಯಾಲೊಟೈಪಿನಲ್ಲಿ ನೆಗೆಟಿವ್ ಕಾಗದದ್ದು. ಅದರ ಮೂಲಕ ಪ್ರಿಂಟ್ ಹಾಕಿದಾಗ ಕಾಗದದ ನಾರೂ ಚಿತ್ರದೊಳಗೆ ಬಂದು ಮುಖ ಮೆದುವಾಗುತ್ತಿತ್ತು. ಎಡಿನ್‌ಬರೊದ ಹಿಲ್ ಮತ್ತು ಆಡಮ್ಸನ್ 1843ರಿಂದ 1847ರವರೆಗೆ ಆ ಮೆದುತನವನ್ನೇ ನೆಚ್ಚಿ ಬೆಸ್ತರನ್ನೂ ಪಾದ್ರಿಗಳನ್ನೂ ಚಿತ್ರಿಸಿದರು.

ಮುಖಕ್ಕೆಂದೇ ಲೆನ್ಸ್ ಮಾಡಿದವನು ಗಣಿತಜ್ಞ. ವಿಯೆನ್ನಾದ ಯೋಸೆಫ್ ಪೆಟ್ಜ್‌ವಾಲ್ 1840ರಲ್ಲಿ ಲೆಕ್ಕ ಹಾಕಿ ರೂಪಿಸಿದ ಪೋರ್ಟ್ರೇಟ್ ಲೆನ್ಸ್ ಆ ಕಾಲದ ಬೇರೆ ಲೆನ್ಸುಗಳಿಗಿಂತ ಹಲವು ಪಟ್ಟು ಹೆಚ್ಚು ಬೆಳಕು ಒಳಗೆ ಬಿಡುತ್ತಿತ್ತು. ನಡುಭಾಗ ಬಲು ಮೊನಚು, ಅಂಚಿಗೆ ಹೋದಂತೆ ಮಸುಕು. ನಡುವೆ ಮುಖ ಕೂರಿಸಿದರೆ ಸುತ್ತಲಿನದೆಲ್ಲ ತಾನಾಗಿ ಹಿಂದೆ ಸರಿಯುತ್ತಿತ್ತು.

ಸಾಫ್ಟ್ ಫೋಕಸ್ ಬೇರೆ, ಫೋಕಸ್ ತಪ್ಪಿದ್ದು ಬೇರೆ. ಇದೊಂದನ್ನು ಬಿಡಿಸಿಟ್ಟುಕೊಂಡರೆ ಉಳಿದದ್ದು ಸಲೀಸು. ಫೋಕಸ್ ತಪ್ಪಿದಾಗ ಮುಖದ ಒಂದೊಂದು ಬಿಂದುವೂ ಹರಡಿ ಬಿಲ್ಲೆಯಾಗುತ್ತದೆ, ರೆಪ್ಪೆ ಕಾಣೆಯಾಗುತ್ತದೆ. ಸಾಫ್ಟ್ ಫೋಕಸ್ ಲೆನ್ಸಿನಲ್ಲಿ ಹಾಗಲ್ಲ. ಲೆನ್ಸಿನ ನಡುವಿನಿಂದ ಬಂದ ಕಿರಣಗಳು ಒಂದು ಕಡೆ ಕೂಡಿದರೆ ಅಂಚಿನಿಂದ ಬಂದವು ಅದಕ್ಕಿಂತ ಸ್ವಲ್ಪ ಮುಂಚೆ ಕೂಡುತ್ತವೆ. ಹೀಗಾಗಿ ಒಂದು ಮೊನಚಾದ ಚಿತ್ರ, ಅದರ ಮೇಲೆ ತೆಳ್ಳಗಿನ ಬೆಳಕಿನ ಪರೆ, ಎರಡೂ ಒಟ್ಟಿಗೆ ಮೂಡುತ್ತವೆ. ರೆಪ್ಪೆ ರೆಪ್ಪೆಯಾಗಿಯೇ ಉಳಿದು, ಕೆನ್ನೆಯ ಒರಟು ಮಾತ್ರ ತಗ್ಗುತ್ತದೆ. ಸ್ಫೆರಿಕಲ್ ಅಬೆರೇಶನ್ ಎನ್ನುವ ಈ ದೋಷವನ್ನು ತೊಡೆಯಲು ಲೆನ್ಸ್ ತಯಾರಕರು ಬಹುಕಾಲ ಹೆಣಗಿದರು. ಮುಖ ತೆಗೆಯುವವರು ಅದನ್ನೇ ಬೇಕೆಂದು ಕೇಳಿದರು.

ಕೇಳಿದ್ದು ಸಿಕ್ಕಿತು ಕೂಡ. ಜರ್ಮನಿಯ ರೋಡನ್‌ಸ್ಟಾಕ್ 1930ರ ದಶಕದ ಆರಂಭದಲ್ಲಿ ತಂದ ಇಮಾಗನ್ ಲೆನ್ಸಿಗೆ ಜರಡಿಯಂಥ ತೂತಿನ ಬಿಲ್ಲೆಗಳಿದ್ದವು. ಯಾವ ಬಿಲ್ಲೆ ಹಾಕಿದ್ದೀರಿ, ಅದರ ತೂತು ಎಷ್ಟು ತೆರೆದಿದ್ದೀರಿ ಎಂಬುದರ ಮೇಲೆ ಪರೆಯ ದಪ್ಪ ನಿರ್ಧಾರವಾಗುತ್ತಿತ್ತು. ಮಿನೋಲ್ಟಾ 1978ರಲ್ಲಿ ಉಂಗುರ ತಿರುಗಿಸಿದರೆ ಮೆದುವಾಗುವ ಲೆನ್ಸ್ ತಂದಿತು. ಕ್ಯಾನನ್ 1987ರಲ್ಲಿ 135 ಮಿ.ಮೀ. ಸಾಫ್ಟ್ ಫೋಕಸ್ ಲೆನ್ಸ್ ಮಾಡಿತು.

‘ಇಡೀ ಚಿತ್ರ ಸ್ವಲ್ಪ ಫೋಕಸ್ ತಪ್ಪಿದ್ದರೆ ಒಳ್ಳೆಯದು’ ಎಂಬರ್ಥದ ಸಲಹೆ ಲಂಡನ್ನಿನ ಫೋಟೊಗ್ರಫಿ ಸಂಘದಲ್ಲಿ 1853ರಷ್ಟು ಹಿಂದೆಯೇ ಕೇಳಿಬಂತು. ಹೇಳಿದವರು ಸರ್ ವಿಲಿಯಂ ನ್ಯೂಟನ್, ಅಂಗೈಯಗಲದ ಸೂಕ್ಷ್ಮಚಿತ್ರ ಬರೆಯುವ ಕಲಾವಿದ! ಕೂದಲೆಳೆಯ ಗೆರೆ ಬರೆದು ಬದುಕಿದವರೇ ಮೆದುವಿನ ಪರ ನಿಂತದ್ದು ನನಗೆ ಬಹಳ ಅರ್ಥಪೂರ್ಣವಾಗಿ ಕಾಣುತ್ತದೆ. ಎಲ್ಲಿ ಗೆರೆ ಬೇಕು, ಎಲ್ಲಿ ಬೇಡ ಎಂಬುದು ಅವರ ಕೈಗೆ ಗೊತ್ತಿತ್ತು.

ಮೆದು ಮುಖಗಳ ಮಹಾ ಕಲಾವಿದೆ ಹುಟ್ಟಿದ್ದು ಕಲ್ಕತ್ತಾದಲ್ಲಿ. ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್ ಅವರ ಜನನ 1815ರಲ್ಲಿ, ಮರಣ ಸಿಲೋನಿನಲ್ಲಿ, 1879ರಲ್ಲಿ. ಮಗಳು, ಅಳಿಯ 1863ರ ಡಿಸೆಂಬರಿನಲ್ಲಿ ಕ್ಯಾಮೆರಾ ಉಡುಗೊರೆ ಕೊಟ್ಟಾಗ ಆಕೆಗೆ 48 ವರ್ಷ. ಒಂದೊಂದು ಪ್ಲೇಟಿಗೆ ಕೆಲವು ನಿಮಿಷಗಳ ಕಾಲ ಎದುರಿನವರು ಅಲುಗದೆ ಕೂರಬೇಕಿತ್ತು. ಉಸಿರಾಡುವ ಮನುಷ್ಯ ಅಷ್ಟು ಹೊತ್ತು ಕಲ್ಲಾಗಿ ಕೂರುವುದುಂಟೇ? ಆ ನಸು ಅಲುಗಾಟವೂ ಮುಖದೊಳಗೆ ಸೇರಿತು. ಅಂದಿನ ಪತ್ರಿಕೆಗಳು ‘ಫೋಕಸ್ ಮಾಡಲು ಬಾರದವಳು’ ಎಂಬರ್ಥದಲ್ಲಿ ಬರೆದವು. ಕಣ್ಣಿಗೆ ಚೆಂದವೆನಿಸಿದ ಘಳಿಗೆಯಲ್ಲಿ ಲೆನ್ಸ್ ತಿರುಗಿಸುವುದನ್ನು ನಿಲ್ಲಿಸುತ್ತಿದ್ದೆ, ಉಳಿದವರಂತೆ ಇನ್ನೂ ಮೊನಚಿಗೆ ತಿರುಗಿಸುತ್ತಾ ಹೋಗಲಿಲ್ಲ ಎಂಬುದು ಆಕೆಯ ನಿಲುವು. 1867ರಲ್ಲಿ ಆಕೆ ತೆಗೆದ ಖಗೋಳಜ್ಞ ಜಾನ್ ಹರ್ಷೆಲ್ ಅವರ ಮುಖ ನೋಡಿ: ಕೆದರಿದ ಬಿಳಿಗೂದಲು ಬೆಳಕಿನಲ್ಲಿ ಕರಗಿದೆ, ಕಣ್ಣು ಎದುರಿನವರನ್ನು ಹಿಡಿದು ನಿಲ್ಲಿಸುತ್ತದೆ. ಫೋಟೊವನ್ನು ಮಾಸದಂತೆ ಸ್ಥಿರಗೊಳಿಸುವ ಹೈಪೊ ರಾಸಾಯನಿಕದ ಗುಣವನ್ನು 1819ರಲ್ಲೇ ಕಂಡುಕೊಂಡಿದ್ದವರು ಇದೇ ಹರ್ಷೆಲ್.

ನಮ್ಮ ಸೀಮೆ ನಿಜಾಮರ ಆಳ್ವಿಕೆಯಲ್ಲಿದ್ದಾಗ, ಬಸವಕಲ್ಯಾಣ ಇನ್ನೂ ಕಲ್ಯಾಣಿಯಾಗಿದ್ದಾಗ, ಹೈದರಾಬಾದಿನ ಆಸ್ಥಾನ ಛಾಯಾಗ್ರಾಹಕರಾಗಿದ್ದವರು ಲಾಲಾ ದೀನ್ ದಯಾಳ್ (1844–1905). ರೂರ್ಕಿಯಲ್ಲಿ ಎಂಜಿನಿಯರಿಂಗ್ ಕಲಿತು ಕ್ಯಾಮೆರಾ ಹಿಡಿದ ಇವರಿಗೆ ಆರನೆಯ ನಿಜಾಮ ಮಹಬೂಬ್ ಅಲಿ ಖಾನ್ ‘ರಾಜಾ’ ಬಿರುದು ಕೊಟ್ಟರು. 1892ರಲ್ಲಿ ಇವರು ಹೈದರಾಬಾದಿನಲ್ಲಿ ಪರದೆಯ ಹೆಂಗಸರಿಗೆಂದೇ ಜನಾನಾ ಸ್ಟುಡಿಯೊ ತೆರೆದರು. ಅಲ್ಲಿ ಕ್ಯಾಮೆರಾ ಹಿಡಿಯುತ್ತಿದ್ದವರೂ ಹೆಂಗಸರೇ. ಅವರ ಸ್ಟುಡಿಯೊದ ಗಾಜಿನ ನೆಗೆಟಿವ್‌ಗಳ ದೊಡ್ಡ ಸಂಗ್ರಹ ಈಗ ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರದಲ್ಲಿದೆ. ದೀನ್ ದಯಾಳರದು ಮೊನಚಿನ ದಾರಿ. ಜರಿಯ ಎಳೆ, ಮುತ್ತಿನ ಸಾಲು, ಕತ್ತಿಯ ಹಿಡಿ ಎಲ್ಲವೂ ಒಂದೊಂದಾಗಿ ಕಾಣಬೇಕು. ಆಸ್ಥಾನದ ಫೋಟೊದಲ್ಲಿ ಒಡವೆಯೂ ಮುಖದಷ್ಟೇ ಮಾತಾಡಬೇಕಿತ್ತಲ್ಲ.

ಅಜ್ಜಿಯ ಹಳೆಯ ಫೋಟೊದಲ್ಲಿ ಹಣೆಯ ಕುಂಕುಮ ಕಪ್ಪಗೆ ಕಾಣುವುದನ್ನು ನೋಡಿದ್ದೀರಾ? ಹಳೆಯ ಪ್ಲೇಟುಗಳಿಗೆ ಕೆಂಪು ಬೆಳಕು ಕಾಣುತ್ತಲೇ ಇರಲಿಲ್ಲ. ಮೊದಲಿನವಕ್ಕೆ ನೀಲಿ ಮಾತ್ರ ಗೊತ್ತು. 1873ರಲ್ಲಿ ಜರ್ಮನಿಯ ಫೋಗಲ್ ಬಣ್ಣದ ಪುಡಿ ಬೆರೆಸಿ ಹಸಿರನ್ನೂ ಕಾಣುವಂತೆ ಮಾಡಿದರು. ಕೆಂಪನ್ನೂ ಹಿಡಿಯುವ ಪ್ಯಾನ್‌ಕ್ರೊಮ್ಯಾಟಿಕ್ ಪ್ಲೇಟು ಮಾರಾಟಕ್ಕೆ ಬಂದದ್ದು 1906ರಲ್ಲಿ. ನೀಲಿಯನ್ನಷ್ಟೇ ಕಾಣುವ ಪ್ಲೇಟಿನಲ್ಲಿ ಹಣೆಯ ವಿಭೂತಿ ಬೆಳ್ಳಗೆ ಹೊಳೆಯುತ್ತದೆ, ಕುಂಕುಮ ಕಪ್ಪಾಗುತ್ತದೆ, ಮುಖದ ಮೇಲಿನ ಕಂದು ಕಲೆಗಳೆಲ್ಲ ಎದ್ದು ಕಾಣುತ್ತವೆ. ಗೋಧಿಬಣ್ಣದ ಮೈ ಇದ್ದುದಕ್ಕಿಂತ ಕಪ್ಪಾಗಿ, ಒರಟಾಗಿ ಮೂಡುತ್ತದೆ. ಹಳೆಯ ಫೋಟೊ ನೋಡಿ ‘ಮುತ್ತಜ್ಜ ಇಷ್ಟು ಕಪ್ಪಿದ್ದರಾ’ ಎಂದು ತೀರ್ಮಾನಿಸಬೇಡಿ. ಅದು ಪ್ಲೇಟಿನ ಕಣ್ಣು.

ರಿಟಚಿಂಗ್ ಕಂಪ್ಯೂಟರಿನ ಕೊಡುಗೆಯಲ್ಲ. 1855ರ ಪ್ಯಾರಿಸ್ ಪ್ರದರ್ಶನದಲ್ಲೇ ಮ್ಯೂನಿಕ್ಕಿನ ಹಾನ್ಫ್‌ಸ್ಟೆಂಗ್ಲ್ ಒಂದೇ ಮುಖದ ಎರಡು ಪ್ರಿಂಟ್ ತೋರಿಸಿದರು, ತಿದ್ದುವ ಮೊದಲಿನದು ಮತ್ತು ನೆಗೆಟಿವ್ ತಿದ್ದಿದ ಮೇಲಿನದು. ಆಮೇಲೆ ನಮ್ಮ ಊರುಗಳವರೆಗೂ ಈ ಕೆಲಸ ಬಂತು. ಓರೆಯಾಗಿ ನಿಲ್ಲಿಸಿದ ಗಾಜಿನ ಹಿಂದೆ ಬೆಳಕಿಟ್ಟು, ಚೂಪು ಪೆನ್ಸಿಲಿನಿಂದ ನೆಗೆಟಿವ್ ಮೇಲೆ ಚುಕ್ಕೆ ಚುಕ್ಕೆಯಾಗಿ ಸುಕ್ಕು ತುಂಬುವುದು. ಎಲ್ಲಿ ನಿಲ್ಲಿಸಬೇಕು ಎಂದು ಬಲ್ಲ ಕೈಗೆ ಬೆಲೆಯಿತ್ತು. ಸುಕ್ಕನ್ನು ಹಗುರ ಮಾಡುತ್ತಿದ್ದರೇ ಹೊರತು ಪೂರ್ತಿ ಅಳಿಸುತ್ತಿರಲಿಲ್ಲ. ಅಳಿಸಿದರೆ ಮನೆಯವರೇ ಗುರುತು ಹಿಡಿಯುವುದಿಲ್ಲ.

ಕ್ಯಾಮೆರಾದ ಮುಂದೆ ಕಾಲುಚೀಲದ ತೆಳು ಬಲೆ ಕಟ್ಟಿದರೆ ಬೆಳಕು ಕತ್ತಲೆಯೊಳಗೆ ಹರಿಯುತ್ತದೆ, ಕೂದಲ ಅಂಚು ಹೊಳೆಯುತ್ತದೆ. ಅದೇ ಬಲೆಯನ್ನು ಡಾರ್ಕ್‌ರೂಮಿನಲ್ಲಿ ಎನ್‌ಲಾರ್ಜರಿನ ಲೆನ್ಸಿಗೆ ಕಟ್ಟಿದರೆ ಕತ್ತಲೆ ಬೆಳಕಿನೊಳಗೆ ಹರಿಯುತ್ತದೆ, ಮುಖ ಮಂಕಾಗುತ್ತದೆ. ಬಲೆ ಒಂದೇ, ನೆಗೆಟಿವಿನಲ್ಲಿ ಕಪ್ಪು ಬಿಳುಪು ತಿರುಗುಮುರುಗಾಗಿರುವುದರಿಂದ ಫಲ ತದ್ವಿರುದ್ಧ.

ಮೆದುವಿನ ವಿರುದ್ಧ ಸಂಘ ಕಟ್ಟಿದವರೂ ಇದ್ದರು. 1932ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಆಸುಪಾಸಿನಲ್ಲಿ ಆನ್ಸೆಲ್ ಆಡಮ್ಸ್, ಎಡ್ವರ್ಡ್ ವೆಸ್ಟನ್, ಇಮೋಜನ್ ಕನ್ನಿಂಗ್‌ಹ್ಯಾಮ್ ಮೊದಲಾದವರು ‘ಎಫ್/64’ ಗುಂಪು ಕಟ್ಟಿದರು. ಲೆನ್ಸಿನ ಅತಿ ಕಿರಿದಾದ ಕಿಂಡಿಯೇ ಅವರ ಬಾವುಟ.

ಕಿಂಡಿ ಕಿರಿದಾದರೆ ಏನಾಗುತ್ತದೆ, ಲೆಕ್ಕ ನೋಡಿ. ಫುಲ್ ಫ್ರೇಮ್ ಕ್ಯಾಮೆರಾ, 85 ಮಿ.ಮೀ. ಲೆನ್ಸ್, ಎದುರಿನವರು ಒಂದೂವರೆ ಮೀಟರ್ ದೂರ. ಕಿಂಡಿ ಅಗಲವಾಗಿ ತೆರೆದು ಎಫ್/1.8 ಇಟ್ಟರೆ ಮೊನಚಾಗಿ ಬರುವ ಆಳ ಬರೀ 3 ಸೆಂ.ಮೀ. ಚಿಲ್ಲರೆ. ಕಣ್ಣು ಮೊನಚಾದರೆ ಕಿವಿ ಮಸುಕು, ಮೂಗಿನ ತುದಿಯೂ ಅನುಮಾನ. ಕಿಂಡಿ ಕಿರಿದಾಗಿಸಿ ಎಫ್/8ಕ್ಕೆ ತಂದರೆ ಆಳ 15 ಸೆಂ.ಮೀ. ಆಸುಪಾಸು, ಮೂಗಿನಿಂದ ಕಿವಿಯವರೆಗೆ ಇಡೀ ಮುಖ ಒಳಗೆ.

ಮನುಷ್ಯನ ಕಣ್ಣು ಇದಕ್ಕಿಂತಲೂ ಜಿಪುಣ. ನಾವು ನಿಚ್ಚಳವಾಗಿ ಕಾಣುವುದು ನೋಟದ ನಡುವಿನ ಸುಮಾರು 2 ಡಿಗ್ರಿಯಷ್ಟನ್ನು ಮಾತ್ರ. ಒಂದೂವರೆ ಮೀಟರ್ ದೂರ ಕೂತವರ ಮುಖದಲ್ಲಿ ಅದು 5 ಸೆಂ.ಮೀ. ಅಗಲದ ತುಣುಕು. ಕಣ್ಣು ಅತ್ತಿಂದಿತ್ತ ಓಡಾಡಿ ಉಳಿದದ್ದನ್ನು ಕೂಡಿಸಿಕೊಳ್ಳುತ್ತದೆ. ಹಾರ್ವರ್ಡಿನ ಮಾರ್ಗರೆಟ್ ಲಿವಿಂಗ್‌ಸ್ಟನ್ 2000ದಲ್ಲಿ ಮೊನಾಲಿಸಾಳ ನಗುವನ್ನು ಹೀಗೆಯೇ ಬಿಡಿಸಿದರು. ಆ ನಗು ಇರುವುದು ಮಸುಕಾದ ನೆರಳುಗಳಲ್ಲಿ. ಅವಳ ಕಣ್ಣನ್ನು ನೋಡುವಾಗ ಓರೆನೋಟಕ್ಕೆ ತುಟಿಯ ನಗು ಕಾಣುತ್ತದೆ, ತುಟಿಯನ್ನೇ ದಿಟ್ಟಿಸಿದರೆ ನಗು ಮಾಯ.

ಗುರುತು ಹಿಡಿಯಲು ಮೊನಚು ಬೇಕೇ ಬೇಕೆಂದಿಲ್ಲ. 1973ರಲ್ಲಿ ಅಮೆರಿಕದ ಲಿಯಾನ್ ಹಾರ್ಮನ್, ಲಿಂಕನ್ನರ ಮುಖವನ್ನು ಕೆಲವೇ ನೂರು ಬೂದು ಚೌಕಗಳಿಗೆ ಇಳಿಸಿ ತೋರಿಸಿದರು. ಹತ್ತಿರದಿಂದ ಅದು ಬರೀ ಚೌಕ. ಕಣ್ಣು ಕಿರಿದು ಮಾಡಿದರೆ, ಇಲ್ಲವೇ ದೂರ ಸರಿದರೆ ಲಿಂಕನ್. ದೂರದ ಬಸ್ ಸ್ಟ್ಯಾಂಡಿನಲ್ಲಿ ನಿಂತ ನಮ್ಮವರನ್ನು ಕಣ್ಣು ಮೂಗು ಕಾಣದಿದ್ದರೂ ಕಂಡುಹಿಡಿಯುತ್ತೇವಲ್ಲ, ಅದೂ ಇದೇ ಶಕ್ತಿಯಿಂದ.

ಇನ್ನು ಬೆಳಕಿನ ಮೆದುತನ. ಇದು ಲೆನ್ಸಿನ ಮೆದುತನವಲ್ಲ, ಆದರೂ ಎರಡನ್ನೂ ‘ಸಾಫ್ಟ್’ ಎಂದೇ ಕರೆಯುವುದರಿಂದ ಹೊಸಬರು ದಾರಿ ತಪ್ಪುತ್ತಾರೆ. ಬೆಳಕು ಬರುವ ಜಾಗ ಅಗಲವಾದಷ್ಟೂ ನೆರಳಿನ ಅಂಚು ಮೆದು. ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣ ಕಲಿತ ವಿ.ಕೆ. ಮೂರ್ತಿ (1923–2014) 1959ರ ‘ಕಾಗಜ್ ಕೆ ಫೂಲ್’ನಲ್ಲಿ ದೊಡ್ಡ ಕನ್ನಡಿಗಳಿಂದ ಬಿಸಿಲನ್ನು ತಿರುಗಿಸಿ ಸ್ಟುಡಿಯೊದೊಳಗೆ ಕಂಬದಂಥ ಬೆಳಕು ನಿಲ್ಲಿಸಿದರು. ಕನ್ನಡಿಯಿಂದ ಬಂದದ್ದು ಗಡುಸು ಬೆಳಕು. ಅದಕ್ಕೆ ಮೂರು ವರ್ಷ ಮೊದಲು, ಸತ್ಯಜಿತ್ ರಾಯ್ ಅವರ ‘ಅಪರಾಜಿತೊ’ದಲ್ಲಿ ಸುಬ್ರತ ಮಿತ್ರ ಕಾಶಿಯ ಮನೆಯ ಸೆಟ್ಟಿಗೆ ಬಟ್ಟೆ ಬಿಗಿದು, ದೀಪದ ಬೆಳಕನ್ನು ಅದಕ್ಕೆ ತಾಗಿಸಿ ಕೆಳಗಿಳಿಸಿದ್ದರು. ಬಟ್ಟೆಯಿಂದ ಬಂದದ್ದು ಮೆದು ಬೆಳಕು, ಅಂಗಳದ ಬೆಳಗಿನಂಥದ್ದೇ. ಎರಡೂ ಕಡೆ ಲೆನ್ಸ್ ಮೊನಚಾಗಿಯೇ ಇತ್ತು. ಮೂರ್ತಿಯವರಿಗೆ 2008ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಬಂತು. ಅದನ್ನು ಪಡೆದ ಮೊದಲ ಛಾಯಾಗ್ರಾಹಕ ಒಬ್ಬ ಕನ್ನಡಿಗ.

ಬಸವಕಲ್ಯಾಣ, ಹುಮನಾಬಾದಿನ ನೆತ್ತಿಯ ಮೇಲೆ ಸೂರ್ಯ ವರ್ಷಕ್ಕೆ ಎರಡು ಸಲ ಸರಿಯಾಗಿ ಬಂದು ನಿಲ್ಲುತ್ತಾನೆ. ಊರು ಇರುವುದು ಹೆಚ್ಚುಕಡಿಮೆ 18 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಾಗಾಗಿ ಮೇ ಎರಡನೆಯ ವಾರ ಒಮ್ಮೆ, ಆಗಸ್ಟ್ ಆರಂಭದಲ್ಲಿ ಮತ್ತೊಮ್ಮೆ ಹೀಗಾಗುತ್ತದೆ. ಮೇ ತಿಂಗಳೆಂದರೆ ಲಗ್ನಗಳ ಸುಗ್ಗಿ. ಮಧ್ಯಾಹ್ನ ಹನ್ನೆರಡೂವರೆಗೆ ವಧೂವರರನ್ನು ಬಯಲಿಗೆ ಕರೆತಂದು ನಿಲ್ಲಿಸಿದರೆ ಹುಬ್ಬಿನ ನೆರಳು ಕಣ್ಣನ್ನು ಮುಚ್ಚಿಬಿಡುತ್ತದೆ, ಮೂಗಿನ ನೆರಳು ತುಟಿಯ ಮೇಲೆ ಮೀಸೆಯಾಗುತ್ತದೆ. ಎಷ್ಟು ದುಬಾರಿ ಲೆನ್ಸೂ ಇದನ್ನು ಸರಿಪಡಿಸದು. ಇಬ್ಬರು ಒಂದು ಬಿಳಿ ಧೋತರವನ್ನು ಅವರ ತಲೆಯ ಮೇಲೆ ಚಪ್ಪರದಂತೆ ಹಿಡಿದರೆ ಸಾಕು, ಅದೇ ಬಿಸಿಲು ಮೆದುವಾಗಿ ಇಳಿಯುತ್ತದೆ. ಮತ್ತೊಂದು: ಹುಮನಾಬಾದ್ ಕಡೆಯ ಕೆಂಪು ಜಂಬಿಟ್ಟಿಗೆ ನೆಲದ ಮೇಲೆ ನಿಂತವರ ಗದ್ದದ ಕೆಳಗೆ ಆ ಕೆಂಪೇ ಪ್ರತಿಫಲಿಸುತ್ತದೆ. ಬಿಳಿ ಬಟ್ಟೆ ಕೆಳಗೂ ಒಂದು ಹಾಸಿ.

ಹುಮನಾಬಾದ್ ತಾಲ್ಲೂಕಿನ ಜಲಸಂಗಿಗೆ ಹೋದರೆ ಗಡುಸು ಬೆಳಕಿನ ಬೆಲೆ ತಿಳಿಯುತ್ತದೆ. ಅಲ್ಲಿನ ಕಲ್ಯಾಣ ಚಾಲುಕ್ಯರ ದೇಗುಲದ ಹೊರಗೋಡೆಯಲ್ಲಿ ಶಾಸನ ಬರೆಯುತ್ತಿರುವ ಶಿಲಾಬಾಲಿಕೆ ಇದ್ದಾಳೆ. ಅವಳು ಬರೆಯುತ್ತಿರುವುದು ಸೋಮೇಶ್ವರನ ತಂದೆ ಆರನೆಯ ವಿಕ್ರಮಾದಿತ್ಯನ ಹೊಗಳಿಕೆ. ಮೋಡದ ದಿನ ಅವಳ ಮೈಯ ತಿರುವು ಚೆನ್ನಾಗಿ ಕಾಣುತ್ತದೆ, ಅಕ್ಷರ ಮಂಕು. ಗೋಡೆಗೆ ಓರೆಯಾಗಿ ಬಿಸಿಲು ಸವರುವ ಹೊತ್ತಿನಲ್ಲಿ ಒಂದೊಂದು ಅಕ್ಷರವೂ ನೆರಳು ತುಂಬಿಕೊಂಡು ಎದ್ದು ಬರುತ್ತದೆ. ಪಕ್ಕದ ಬೆಳಕು ಮನುಷ್ಯರ ಚರ್ಮಕ್ಕೂ ಇದನ್ನೇ ಮಾಡುತ್ತದೆ. ಎಪ್ಪತ್ತರ ರೈತನ ಮುಖಕ್ಕೆ ಅದು ಒಪ್ಪುತ್ತದೆ ಎಂದು ನನ್ನ ಅಭಿಪ್ರಾಯ, ಮದುಮಗಳಿಗೆ ಬೇಡ.

ಬಸವಕಲ್ಯಾಣದ 108 ಅಡಿಯ ಬಸವಣ್ಣನ ಮೂರ್ತಿಯ ಮುಂದೆ ಮನೆಯವರನ್ನು ನಿಲ್ಲಿಸಿ ಮೊಬೈಲಿನಲ್ಲಿ ತೆಗೆದರೆ ಮನೆಯವರೂ ಮೂರ್ತಿಯೂ ಮೊನಚಾಗಿ ಬರುತ್ತಾರೆ. ಮೊಬೈಲಿನ ಮುಖ್ಯ ಲೆನ್ಸಿನ ನಿಜವಾದ ಫೋಕಲ್ ಲೆಂತ್ ಹತ್ತು ಮಿಲಿಮೀಟರಿಗೂ ಕಡಿಮೆ, ಅದಕ್ಕೆ ಹಿನ್ನೆಲೆಯನ್ನು ಅಷ್ಟು ಮಸುಕು ಮಾಡಲು ಬಾರದು. ಪೋರ್ಟ್ರೇಟ್ ಮೋಡಿನಲ್ಲಿ ಕಾಣುವ ಮಸುಕು ಲೆಕ್ಕಾಚಾರದ್ದು. 2016ರಲ್ಲಿ ಐಫೋನ್ 7 ಪ್ಲಸ್ ಬಂದ ಮೇಲೆ ಇದು ಮನೆಮಾತಾಯಿತು. ಮೂರ್ತಿಯ ಎದುರು ಆ ಮೋಡ್ ಬಂದ್ ಮಾಡಿ. ಬಸವಣ್ಣನನ್ನು ಮಸುಕು ಮಾಡಲು ಅಷ್ಟು ದೂರ ಹೋಗಬೇಕಿರಲಿಲ್ಲ.

ಮೊಬೈಲಿನ ಬ್ಯೂಟಿ ಫಿಲ್ಟರ್ ಮಾಡುವುದು ಮೆದುವಲ್ಲ, ಅಳಿಸುವಿಕೆ. ಇಂಥ ಲೆಕ್ಕದ ಒಂದು ಬೇರು 1998ರಲ್ಲಿ ತೊಮಾಸಿ ಮತ್ತು ಮಂದೂಚಿ ಎಂಬ ವಿಜ್ಞಾನಿಗಳು ವಿವರಿಸಿದ ಬೈಲ್ಯಾಟರಲ್ ಫಿಲ್ಟರಿನಲ್ಲಿದೆ. ಹುಬ್ಬು, ತುಟಿಯಂಥ ದೊಡ್ಡ ಅಂಚುಗಳನ್ನು ಉಳಿಸಿ, ನಡುವಿನ ಸಣ್ಣ ವ್ಯತ್ಯಾಸಗಳನ್ನೆಲ್ಲ ಸಮತಟ್ಟು ಮಾಡುತ್ತದೆ. ಹಳೆಯ ಸಾಫ್ಟ್ ಲೆನ್ಸಿನ ಪರೆಯ ಕೆಳಗೆ ಚರ್ಮ ಹಾಗೇ ಇರುತ್ತಿತ್ತು. ಇಲ್ಲಿ ಚರ್ಮವೇ ಹೋಗುತ್ತದೆ. ಅಮ್ಮನ ಕೆನ್ನೆಯ ಮಚ್ಚೆ, ಅಜ್ಜಿಯ ಗದ್ದದ ಹಚ್ಚೆಯ ಬೊಟ್ಟು ಕೂಡ ಅದಕ್ಕೆ ಕಲೆಯೇ. ಮುಂದೊಂದು ದಿನ ಮೊಮ್ಮಕ್ಕಳು ಹುಡುಕುವುದು ಆ ಮಚ್ಚೆಯನ್ನೇ. ದಯವಿಟ್ಟು ಸೆಟ್ಟಿಂಗಿಗೆ ಹೋಗಿ ಬ್ಯೂಟಿ ಫಿಲ್ಟರನ್ನು ಸೊನ್ನೆಗೆ ಇಳಿಸಿ.

ಮೊನಚು ಹೆಚ್ಚಿಸುವ ಒಂದು ಹಳೆಯ ಉಪಾಯಕ್ಕೆ ಮಸುಕೇ ಬೇಕು! ಅನ್‌ಶಾರ್ಪ್ ಮಾಸ್ಕ್ ಕಂಪ್ಯೂಟರಿಗಿಂತ ಮೊದಲೇ ಡಾರ್ಕ್‌ರೂಮಿನಲ್ಲಿ ಇತ್ತು. ನೆಗೆಟಿವಿನ ಒಂದು ಮಸುಕು ಪಾಸಿಟಿವ್ ಪ್ರತಿ ಮಾಡಿ, ಮೂಲದ ಜೊತೆ ಜೋಡಿಸಿ ಪ್ರಿಂಟ್ ಹಾಕಿದರೆ ಅಂಚುಗಳು ಎದ್ದು ಕಾಣುತ್ತವೆ. ಇಂದಿನ ಸಾಫ್ಟ್‌ವೇರ್ ಮಾಡುವುದೂ ಇದನ್ನೇ, ಸಂಖ್ಯೆಗಳಲ್ಲಿ.

ಪಾಸ್‌ಪೋರ್ಟ್ ಫೋಟೊದಿಂದ ಗೋಡೆಗೆ ಹಾಕುವ ದೊಡ್ಡ ಫೋಟೊ ಮಾಡಿಸುತ್ತೀರಾ? ತೀರಿಕೊಂಡ ಹಿರಿಯರದು ಅದೊಂದೇ ಫೋಟೊ ಉಳಿದಿರುವುದು ನಮ್ಮ ಕಡೆ ಎಷ್ಟೋ ಮನೆಗಳ ಸ್ಥಿತಿ. ಲೆಕ್ಕ ಹೀಗಿದೆ. 35 ಮಿ.ಮೀ. ಅಗಲದ ಫೋಟೊವನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ ಅಗಲಕ್ಕೆ ಸಿಗುವುದು 827 ಪಿಕ್ಸೆಲ್. ಅದನ್ನು 12 ಇಂಚಿಗೆ ಹಿಗ್ಗಿಸಿದರೆ ಇಂಚಿಗೆ 69 ಪಿಕ್ಸೆಲ್ ಮಾತ್ರ. ಕೈಯಲ್ಲಿ ಹಿಡಿದು ನೋಡುವ ಪ್ರಿಂಟಿಗೆ 300 ಇದ್ದರೆ ಚೆನ್ನ. ಉಳಿದದ್ದನ್ನು ಎಐ ತಂತ್ರಾಂಶ ತುಂಬಿಕೊಡುತ್ತದೆ, ಆದರೆ ತನಗೆ ತೋಚಿದ ರೆಪ್ಪೆ, ತನಗೆ ತೋಚಿದ ತುಟಿಯಿಂದ. ಮುಖ ಫಳಫಳ ಹೊಳೆಯುತ್ತದೆ, ಅಪ್ಪ ಮಾತ್ರ ಅಪ್ಪನಂತೆ ಕಾಣುವುದಿಲ್ಲ. ಎಂಟು ಅಡಿ ದೂರದ ಗೋಡೆಯ ಮೇಲೆ ಮಸುಕು ಅಷ್ಟು ಕಾಡುವುದೂ ಇಲ್ಲ. ಮಸುಕಾದ ನಿಜ ಮುಖವನ್ನೇ ಹಾಕಿಸಿ ಎನ್ನುತ್ತೇನೆ ನಾನು.

ಕೊನೆಗೆ ಬೇಗ ಬೇಗ ಮೂರು ಮಾತು. ಮುಖ ಓರೆಯಾಗಿದ್ದರೆ ಕ್ಯಾಮೆರಾಕ್ಕೆ ಹತ್ತಿರದ ಕಣ್ಣಿಗೆ ಫೋಕಸ್ ಇಡಿ. ಮೊಬೈಲ್ ಲೆನ್ಸಿನ ಮೇಲಿನ ಬೆರಳಚ್ಚಿನ ಜಿಡ್ಡು ಮುಖ ಮೆದುವಾಗಿಸಲು ಹಳೆಯ ಕಾಲದಲ್ಲಿ ಲೆನ್ಸಿನ ಮುಂದಿಡುತ್ತಿದ್ದ ವ್ಯಾಸಲೀನ್ ಹಚ್ಚಿದ ಗಾಜಿನ ಕೆಲಸವನ್ನೇ ಮಾಡುತ್ತದೆ, ತೆಗೆಯುವ ಮುನ್ನ ಮೆತ್ತನೆಯ ಬಟ್ಟೆಯಿಂದ ಒರೆಸಿ. ಇವತ್ತೇ ಮನೆಯ ಹಿರಿಯರನ್ನು ಬಾಗಿಲ ಬಳಿ, ಬಿಸಿಲು ನೇರ ಬೀಳದ ಕಡೆ ಕೂರಿಸಿ, ಫಿಲ್ಟರ್ ಇಲ್ಲದೆ ಒಂದು ಫೋಟೊ ತೆಗೆಯಿರಿ. ಮೂಲ ಫೈಲನ್ನು ವಾಟ್ಸ್ಆ್ಯಪ್ ಮೂಲಕ ಕಳಿಸುವುದಿದ್ದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೊ ಆಗಿ ಕಳಿಸಿದರೆ ಅದು ಫೈಲನ್ನು ಕುಗ್ಗಿಸುತ್ತದೆ.